ಹಳೆಯ ಜಾವಾ ಸರ್ವರಿನ ಲಾಗಿಂಗ್ ಭಾಗವನ್ನು ಸೇವೆ ನಿಲ್ಲಿಸದೆ ಸುಧಾರಿಸುವುದು ಹೇಗೆ?

ಪ್ರಶ್ನೆ: ಘಟ್ಟದಂಚು

ಎಲ್ಲರಿಗೂ ನಮಸ್ಕಾರ.

ನಮ್ಮ ಸಣ್ಣ ತಂಡ ಖಾಸಗಿ ಬಸ್ಸುಗಳ ಸೀಟು ಕಾಯ್ದಿರಿಸುವ ಸರ್ವರ್ ತಂತ್ರಾಂಶವೊಂದನ್ನು ಕೆಲವು ವರ್ಷಗಳಿಂದ ನೋಡಿಕೊಳ್ಳುತ್ತಿದೆ. ಜಾವಾ 11, ಟಾಮ್‌ಕ್ಯಾಟ್ ವೆಬ್ ಸರ್ವರ್ ಮತ್ತು ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಿಂತಿರುವ ಈ ತಂತ್ರಾಂಶದ ಎರಡು ಪ್ರತಿಗಳು ಎರಡು ಯಂತ್ರಗಳಲ್ಲಿ ಓಡುತ್ತವೆ. ಮುಂದೆ, ಕೋರಿಕೆಗಳನ್ನು ಮೊದಲು ಪಡೆದು ಹಂಚುವ ಎಂಜಿನ್‌ಎಕ್ಸ್ ಇದೆ. ಉಳಿದ ಭಾಗಗಳು ಕಾಲಕಾಲಕ್ಕೆ ಬದಲಾಗಿದ್ದರೂ ಲಾಗ್ (ತಂತ್ರಾಂಶ ತಾನು ಮಾಡಿದ್ದನ್ನು ಸಾಲುಸಾಲಾಗಿ ಬರೆದಿಡುವ ಟಿಪ್ಪಣಿ) ಬರೆಯುವ ಭಾಗ ಮಾತ್ರ ಮೊದಲ ದಿನ ಬರೆದಂತೆಯೇ ಉಳಿದುಬಿಟ್ಟಿದೆ. ಅದು ನಾವೇ ಬರೆದುಕೊಂಡ ಒಂದು ಕ್ಲಾಸು. ಅದರಲ್ಲಿ ಒಂದೇ ಒಂದು ಸ್ಟ್ಯಾಟಿಕ್ ಮೆಥಡ್ ಇದ್ದು, ಕೊಟ್ಟ ವಾಕ್ಯದ ಹಿಂದೆ ಸಮಯವನ್ನು ಸೇರಿಸಿ, ಒಮ್ಮೆಗೆ ಒಬ್ಬರನ್ನಷ್ಟೇ ಬಿಡುವ ಸಿಂಕ್ರನೈಸ್ಡ್ ಬೀಗದೊಳಗೆ ಫೈಲನ್ನು ತೆರೆದು, ಒಂದು ಸಾಲು ಬರೆದು, ಮತ್ತೆ ಮುಚ್ಚುತ್ತದೆ. ಕೋಡಿನಲ್ಲಿ ಸುಮಾರು 1,400 ಕಡೆಗಳಿಂದ ಇದಕ್ಕೆ ಕರೆ ಹೋಗುತ್ತದೆ. ಸಾಲು ಎಷ್ಟು ಮುಖ್ಯವೆಂದು ಹೇಳುವ ಮಟ್ಟಗಳೆಂಬುದಿಲ್ಲ. "ಒಳಗೆ ಬಂದೆ", "ಇಲ್ಲಿ 2", "ದೋಷ" ಎಂಬಂಥ ಸಾಲುಗಳು ಸೀಟು ಖಚಿತವಾದ ಸಾಲಿನ ಪಕ್ಕದಲ್ಲೇ ಅದರಷ್ಟೇ ತೂಕದಿಂದ ಕುಳಿತಿರುತ್ತವೆ.

ಎರಡು ಘಟನೆಗಳು ಇದನ್ನು ಇನ್ನು ಮುಂದೂಡಲಾಗದಂತೆ ಮಾಡಿವೆ. ಗೌರಿ ಹಬ್ಬದ ಹಿಂದಿನ ಸಂಜೆ ಬೆಂಗಳೂರಿನಿಂದ ಊರಿಗೆ ಹೊರಡುವವರ ನೂಕುನುಗ್ಗಲಿನಲ್ಲಿ ಸೀಟಿನ ನಕ್ಷೆ ತೆರೆಯಲು ಅರ್ಧ ನಿಮಿಷಕ್ಕೂ ಮೀರಿ ಹಿಡಿಯತೊಡಗಿತು. ಸಿಪಿಯು ಬಹುತೇಕ ಬಿಡುವಾಗಿತ್ತು, ಡೇಟಾಬೇಸ್ ಕೂಡ ಶಾಂತವಾಗಿತ್ತು. ಯಾವ ಥ್ರೆಡ್ (ಕೋರಿಕೆ ನಿಭಾಯಿಸುವ ಕೆಲಸದ ಎಳೆ) ಎಲ್ಲಿ ನಿಂತಿದೆಯೆಂದು ತೋರಿಸುವ ಜೆಸ್ಟ್ಯಾಕ್ ತೆಗೆದು ನೋಡಿದರೆ ಟಾಮ್‌ಕ್ಯಾಟಿನ 200 ಥ್ರೆಡ್‌ಗಳಲ್ಲಿ ಹೆಚ್ಚಿನವು ಲಾಗರಿನ ಬೀಗಕ್ಕಾಗಿ ಕಾಯುತ್ತಾ ನಿಂತಿದ್ದವು. ಅದಾದ ಎರಡು ವಾರಗಳಲ್ಲಿ ಒಂದೇ ಸೀಟಿನ ಟಿಕೆಟು ಇಬ್ಬರು ಪ್ರಯಾಣಿಕರ ಕೈಯಲ್ಲಿತ್ತು. ಯಾರಿಗೆ ಮೊದಲು ಸಿಕ್ಕಿತು, ಎರಡನೆಯವರಿಗೆ ಹೇಗೆ ಸಿಕ್ಕಿತು ಎಂಬುದನ್ನು ಲಾಗಿನಿಂದ ತಿಳಿಯಲು ನಾನು ಒಂದಿಡೀ ದಿನ ಕುಳಿತೆ. ಎರಡು ಯಂತ್ರಗಳ ಫೈಲುಗಳು, ಬೇರೆ ಬೇರೆ ಕೋರಿಕೆಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿರುವುದು, ಜೊತೆಗೆ ಸಮಯವನ್ನು 12 ಗಂಟೆಯ ರೂಪದಲ್ಲಿ ಬರೆದು ಬೆಳಿಗ್ಗೆಯೋ ಸಂಜೆಯೋ ಎಂದು ನಮೂದಿಸದೆ ಇರುವುದು, ಇವೆಲ್ಲ ಸೇರಿ ನನಗೆ ಉತ್ತರ ಸಿಗಲೇ ಇಲ್ಲ. ಕೊನೆಗೆ ಬಸ್ ಮಾಲೀಕರು ಒಬ್ಬರಿಗೆ ಹಣ ಹಿಂದಿರುಗಿಸಿ ಕ್ಷಮೆ ಕೇಳಿದರು.

ಸಿದ್ಧ ಲೈಬ್ರರಿಯನ್ನು ತರೋಣ ಎಂದರೆ ತಂಡದ ಹಿರಿಯರೊಬ್ಬರು ಒಪ್ಪುತ್ತಿಲ್ಲ. 2021ರ ಡಿಸೆಂಬರಿನಲ್ಲಿ ಲಾಗ್‌4ಜೆ ಎಂಬ ಲಾಗಿಂಗ್ ಲೈಬ್ರರಿಯ ಲಾಗ್‌4ಶೆಲ್ ಎಂಬ ಭದ್ರತಾ ದೋಷ ಹೊರಬಂದಾಗ ಲೋಕವೆಲ್ಲ ರಾತ್ರಿಯಿಡೀ ಎದ್ದು ಕುಳಿತಿದ್ದರೂ ನಮ್ಮದೇ ಲಾಗರ್ ಇದ್ದುದರಿಂದ ನಾವು ನೆಮ್ಮದಿಯಾಗಿ ಮಲಗಿದೆವು ಎನ್ನುತ್ತಾರೆ. ಅವರ ಮಾತಿನಲ್ಲಿ ಸತ್ಯವಿಲ್ಲವೆಂದು ನಾನು ಹೇಳಲಾರೆ.

ನನ್ನ ಮುಂದಿರುವ ಪ್ರಶ್ನೆ ಇದು. ಇರುವ ಕ್ಲಾಸನ್ನೇ ರಿಪೇರಿ ಮಾಡಬೇಕೇ, ಲೈಬ್ರರಿಗೆ ಹೋಗಬೇಕೇ? ಹೋಗುವುದಾದರೆ 1,400 ಕರೆಗಳನ್ನು ಹೇಗೆ ಬದಲಿಸುವುದು? ಲಾಗ್ ಬರೆಯುವುದನ್ನು ಹಿನ್ನೆಲೆಯ ಥ್ರೆಡ್ಡಿಗೆ ವಹಿಸಿದರೆ ವೇಗ ಬರುತ್ತದೆಂದು ಗೊತ್ತು. ಆದರೆ ಆಗ ಕೆಲವು ಸಾಲುಗಳು ಕಳೆದುಹೋಗಬಹುದು ಎನ್ನುತ್ತಾರೆ. ನಾಳೆ ಮತ್ತೆ ಸೀಟಿನ ವಿವಾದ ಬಂದು, ಕಳೆದುಹೋದ ಸಾಲೇ ಬೇಕಾದ ಸಾಲಾಗಿದ್ದರೆ ಏನು ಮಾಡುವುದು? ಈ ಕಡೆಯ ಪ್ರಶ್ನೆಗೆ ಉತ್ತರ ಸಿಗದೆ ನಾನು ಮುಂದೆ ಹೆಜ್ಜೆ ಇಡಲಾರದವನಾಗಿದ್ದೇನೆ.


ಉತ್ತರ: ಕಡತಪಾಲ

ಘಟ್ಟದಂಚು ಅವರೇ, ಕಡೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ನಿಮ್ಮ ಫೈಲಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಒಂದೇ ಹೆಸರಿನಲ್ಲಿ ಕುಳಿತಿವೆ. ಒಂದು, ತಂತ್ರಾಂಶದ ಆರೋಗ್ಯವನ್ನು ತಿಳಿಯಲು ಬರೆದುಕೊಳ್ಳುವ ಟಿಪ್ಪಣಿ. ಇನ್ನೊಂದು, ಯಾವ ಸೀಟು ಯಾವ ಗಳಿಗೆಯಲ್ಲಿ ಯಾರ ಹೆಸರಿಗೆ ಹೋಯಿತು ಎಂಬ ವ್ಯವಹಾರದ ದಾಖಲೆ. ಅಂಗಡಿಯಲ್ಲಿ ಲೆಕ್ಕದ ಪುಸ್ತಕವೂ ಚೀಟಿಯ ಮೇಲಿನ ಗುರುತೂ ಬೇರೆ ಬೇರೆಯಾಗಿರುವಂತೆ ಇವೂ ಬೇರೆಯಾಗಬೇಕು. ಮೊದಲನೆಯದರಲ್ಲಿ ಒಂದೆರಡು ಸಾಲು ಕಳೆದರೆ ಸಹಿಸಬಹುದು. ಎರಡನೆಯದರಲ್ಲಿ ಒಂದು ಸಾಲೂ ಕಳೆಯಕೂಡದು. ಕಳೆಯಕೂಡದ್ದನ್ನು ಲಾಗ್ ಫೈಲಿಗೆ ವಹಿಸುವುದೇ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ. ನೀವು ಪೋಸ್ಟ್‌ಗ್ರೆಸ್ ಬಳಸುತ್ತಿದ್ದೀರಿ. ಸೀಟಿನ ಸ್ಥಿತಿಯನ್ನು ಬದಲಿಸುವ ಅದೇ ಟ್ರಾನ್ಸಾಕ್ಷನ್ನಿನೊಳಗೆ ಒಂದು ಪ್ರತ್ಯೇಕ ಟೇಬಲ್ಲಿಗೆ ಒಂದು ಸಾಲನ್ನು ಸೇರಿಸಿ. ಸೀಟು ಬದಲಾದರೆ ಸಾಲೂ ಉಳಿಯುತ್ತದೆ. ಟ್ರಾನ್ಸಾಕ್ಷನ್ ಹಿಂದೆ ಸರಿದರೆ ಸಾಲೂ ಇರುವುದಿಲ್ಲ. ಆ ಟೇಬಲ್ಲಿಗೆ ಸೇರಿಸುವ ಹಕ್ಕನ್ನು ಮಾತ್ರ ತಂತ್ರಾಂಶದ ಬಳಕೆದಾರನಿಗೆ ಕೊಟ್ಟು, ತಿದ್ದುವ ಮತ್ತು ಅಳಿಸುವ ಹಕ್ಕನ್ನು ಕೊಡದಿದ್ದರೆ ವಿವಾದ ಬಂದ ದಿನ ಆ ದಾಖಲೆಗೆ ಬೆಲೆ ಇರುತ್ತದೆ.

ಹಾಗೆಯೇ ಒಂದೇ ಸೀಟು ಇಬ್ಬರಿಗೆ ಹೋದದ್ದು ಲಾಗಿನ ದೋಷವಲ್ಲ. ಪ್ರಯಾಣದ ಗುರುತು ಮತ್ತು ಸೀಟಿನ ಸಂಖ್ಯೆ ಇವೆರಡರ ಮೇಲೆ, ರದ್ದಾಗದ ಟಿಕೆಟುಗಳಿಗಷ್ಟೇ ಅನ್ವಯಿಸುವ ಒಂದು ಯೂನಿಕ್ ಇಂಡೆಕ್ಸನ್ನು ಹಾಕಿದರೆ ಎರಡನೆಯ ಟಿಕೆಟನ್ನು ಡೇಟಾಬೇಸೇ ನಿರಾಕರಿಸುತ್ತದೆ. ಲಾಗ್ ಎಷ್ಟು ಚೆನ್ನಾಗಿದ್ದರೂ ಅದು ನಡೆದುಹೋದದ್ದನ್ನು ಹೇಳೀತೇ ಹೊರತು ತಡೆಯಲಾರದು.

ಈ ಬೇರ್ಪಡಿಕೆ ಆದ ಮೇಲೆ ಉಳಿದ ಟಿಪ್ಪಣಿಗಳನ್ನು ಹಿನ್ನೆಲೆಯ ಥ್ರೆಡ್ಡಿಗೆ ಧೈರ್ಯವಾಗಿ ವಹಿಸಬಹುದು. ಲೈಬ್ರರಿಯ ಬಗ್ಗೆ ಹೇಳುವುದಾದರೆ, ಕೋಡು ಕರೆಯುವ ಎಸ್‌ಎಲ್‌ಎಫ್‌4ಜೆ ಎಂಬ ಮುಖವಾಡವನ್ನೂ ಅದರ ಹಿಂದೆ ನಿಜವಾಗಿ ಬರೆಯುವ ಲಾಗ್‌ಬ್ಯಾಕನ್ನೂ ಇಡುವುದು ನಿಮಗೆ ಹೊಂದುತ್ತದೆ. ಲಾಗ್‌ಬ್ಯಾಕ್ 1.5ಕ್ಕೆ ಜಾವಾ 11 ಸಾಕು. ನಿಮ್ಮ ಹಿರಿಯರ ಆತಂಕಕ್ಕೆ ಉತ್ತರ ಕೊಡಲೇಬೇಕು. ಲಾಗ್‌4ಶೆಲ್ ಆದದ್ದು ಲೈಬ್ರರಿ ಎಂಬ ಕಾರಣಕ್ಕಲ್ಲ. ಲಾಗ್‌4ಜೆ 2 ತಾನು ಬರೆಯಬೇಕಾದ ವಾಕ್ಯದೊಳಗೆ ಡಾಲರ್ ಚಿಹ್ನೆ ಮತ್ತು ಪುಷ್ಪಾವರಣದ ರೂಪದಲ್ಲಿ ಬಂದ ಪದಗಳನ್ನು ಅಪ್ಪಣೆಯೆಂದು ತಿಳಿದು, ಹೆಸರು ಹಿಡಿದು ವಸ್ತುಗಳನ್ನು ಹುಡುಕಿ ತರುವ ಜಾವಾದ ಜೆಎನ್‌ಡಿಐ ಮೂಲಕ ಹೊರಗಿನ ಸರ್ವರಿನಿಂದ ಕೋಡನ್ನು ತಂದು ಓಡಿಸುವ ದಾರಿ ಬಿಟ್ಟಿತ್ತು. ಹೊರಗಿನವರು ಕಳಿಸಿದ ಹೆಸರೋ ಬ್ರೌಸರಿನ ಗುರುತೋ ಲಾಗಿಗೆ ಹೋದರೆ ಸಾಕಾಗಿತ್ತು. ಅದರಿಂದ ಕಲಿಯಬೇಕಾದದ್ದು, ಲಾಗರ್ ತನಗೆ ಬಂದ ಮಾಹಿತಿಯನ್ನು ಎಂದಿಗೂ ಅರ್ಥೈಸಹೋಗಬಾರದು, ಇದ್ದಂತೆ ಬರೆಯಬೇಕು ಎಂಬುದನ್ನು. ಲಾಗ್‌ಬ್ಯಾಕಿನಲ್ಲಿ ಸಂದೇಶದ ಒಳಗಿನ ಪದಗಳನ್ನು ಹಾಗೆ ಬಿಡಿಸುವ ಸೌಲಭ್ಯ ಇಲ್ಲ. ಅದರಲ್ಲೂ ಅದೇ ತಿಂಗಳು ಜೆಎನ್‌ಡಿಐಗೆ ಸಂಬಂಧಿಸಿದ ಒಂದು ದೋಷ ಪ್ರಕಟವಾಗಿತ್ತು ನಿಜ, ಆದರೆ ದಾಳಿಕೋರನಿಗೆ ಮೊದಲೇ ಸಂರಚನೆಯ ಫೈಲನ್ನು ತಿದ್ದುವ ಹಕ್ಕು ಇದ್ದರೆ ಮಾತ್ರ ಅದು ಕೆಲಸ ಮಾಡುತ್ತಿತ್ತು. ನಿಮ್ಮ ಸ್ವಂತ ಲಾಗರ್ ಅಂದು ನಿಮ್ಮನ್ನು ಉಳಿಸಿತು. ಹಬ್ಬದ ಸಂಜೆ ಅದೇ ನಿಮ್ಮನ್ನು ಕೆಡವಿತು. ಎರಡನ್ನೂ ಒಟ್ಟಿಗೆ ತೂಗಬೇಕು.

1,400 ಕರೆಗಳನ್ನು ಒಂದೇ ಬಾರಿಗೆ ಬದಲಿಸಲು ದಯವಿಟ್ಟು ಹೋಗಬೇಡಿ. ಹಳೆಯ ಕ್ಲಾಸಿನ ಹೊರಮೈಯನ್ನು ಹಾಗೆಯೇ ಬಿಟ್ಟು, ಅದರ ಒಳಗಿನ ಫೈಲು ತೆರೆದು ಮುಚ್ಚುವ ಕೋಡನ್ನು ತೆಗೆದು, ಎಸ್‌ಎಲ್‌ಎಫ್‌4ಜೆಯ ಇನ್ಫೋ (ಸಾಮಾನ್ಯ ಮಾಹಿತಿ) ಮಟ್ಟಕ್ಕೆ ಕರೆ ಹೋಗುವಂತೆ ಮಾಡಿ. ಹತ್ತು ಸಾಲಿನ ಬದಲಾವಣೆ ಅದು. ತೊಂದರೆಯಾದರೆ ಹತ್ತು ನಿಮಿಷದಲ್ಲಿ ಹಿಂದಕ್ಕೆ ಹೋಗಬಹುದು. ಎಲ್ಲ ಸಾಲುಗಳೂ ಹಳೆಯ ಕ್ಲಾಸಿನ ಹೆಸರಿನಲ್ಲೇ ಕಾಣಿಸುತ್ತವೆ ಎಂಬ ಕೊರತೆಯನ್ನು ಸದ್ಯಕ್ಕೆ ಒಪ್ಪಿಕೊಳ್ಳಿ. ಕರೆದವರು ಯಾರೆಂದು ಪ್ರತಿ ಸಾಲಿಗೂ ಸ್ಟ್ಯಾಕನ್ನು (ಯಾವ ಮೆಥಡ್ ಯಾವುದನ್ನು ಕರೆಯಿತೆಂಬ ಸರಣಿಯನ್ನು) ಬಗೆದು ಕಂಡುಹಿಡಿಯುವ ವ್ಯವಸ್ಥೆ ಇದೆಯಾದರೂ ಅದು ದುಬಾರಿ, ಸರ್ವರಿನಲ್ಲಿ ಹಾಕಬೇಡಿ. ಮುಂದೆ ಯಾವ ಫೈಲನ್ನು ಬೇರೆ ಕೆಲಸಕ್ಕಾಗಿ ತೆರೆಯುತ್ತೀರೋ ಆ ಫೈಲಿನ ಕರೆಗಳನ್ನು ಅಂದೇ ಹೊಸ ರೀತಿಗೆ ತನ್ನಿ.

ಹಿನ್ನೆಲೆಯ ಬರವಣಿಗೆಗೆ ಲಾಗ್‌ಬ್ಯಾಕಿನ ಅಸಿಂಕ್ ಅಪೆಂಡರನ್ನು ಬಳಸುವಾಗ ಅದರ ಪೂರ್ವನಿಗದಿತ ನಡವಳಿಕೆಯನ್ನು ಓದಿಕೊಂಡೇ ಬಳಸಿ. ಬರೆಯಲು ಕಾದಿರುವ ಸಾಲುಗಳ ಕ್ಯೂವಿನಲ್ಲಿ 256 ಸಾಲುಗಳಿಗಷ್ಟೇ ಜಾಗವಿರುತ್ತದೆ. ಶೇಕಡಾ 20ಕ್ಕಿಂತ ಕಡಿಮೆ ಜಾಗ ಉಳಿದಾಗ ಟ್ರೇಸ್, ಡೀಬಗ್ ಮತ್ತು ಇನ್ಫೋ ಮಟ್ಟದ ಸಾಲುಗಳನ್ನು ಅದು ಕೈಬಿಡುತ್ತದೆ, ವಾರ್ನ್ ಮತ್ತು ಎರರ್ ಸಾಲುಗಳನ್ನು ಉಳಿಸಿಕೊಳ್ಳುತ್ತದೆ. ಕ್ಯೂ ಪೂರ್ತಿ ತುಂಬಿದರೆ ಬರೆಯಬಂದ ಥ್ರೆಡ್ಡನ್ನು ಕಾಯಿಸುತ್ತದೆ. ನಿಮ್ಮ ಹಳೆಯ ಕರೆಗಳೆಲ್ಲವೂ ಇನ್ಫೋ ಆಗಿಯೇ ಬರುವುದರಿಂದ ದಟ್ಟಣೆಯ ಹೊತ್ತಿನಲ್ಲಿ "ದೋಷ" ಎಂಬ ಸಾಲೂ "ಇಲ್ಲಿ 2" ಎಂಬ ಸಾಲಿನೊಂದಿಗೆ ಕೊಚ್ಚಿಹೋಗುತ್ತದೆ. ಆದ್ದರಿಂದ ಮೊದಲು ಕ್ಯೂವನ್ನು ಕೆಲವು ಸಾವಿರಕ್ಕೆ ಏರಿಸಿ, ದೋಷದ ಕರೆಗಳನ್ನು ಮಾತ್ರ ಹುಡುಕಿ ಎರರ್ ಮಟ್ಟಕ್ಕೆ ತಂದು, ಅನಂತರ ಇದನ್ನು ಚಾಲೂ ಮಾಡಿ. ಸರ್ವರನ್ನು ಕ್ರಮವಾಗಿ ನಿಲ್ಲಿಸಿದಾಗ ಕ್ಯೂವಿನಲ್ಲಿ ಉಳಿದದ್ದನ್ನು ಬರೆಯಲು ಅದಕ್ಕೆ 1,000 ಮಿಲಿಸೆಕೆಂಡುಗಳ ಕಾಲಾವಕಾಶವಿದೆ. ಸಿಗ್ನಲ್ 9 ಕೊಟ್ಟು ಕೊಂದರೆ ಕ್ಯೂವಿನಲ್ಲಿದ್ದುದು ಹೋದಂತೆಯೇ.

ಇನ್ನೊಂದು ಮಾತು. ಸಮಯವನ್ನು ವಾಕ್ಯಕ್ಕೆ ಸೇರಿಸುವ ಕೆಲಸ ಬೀಗದ ಒಳಗೆ ನಡೆಯುತ್ತಿದೆಯೋ ಹೊರಗೋ? ಸಮಯವನ್ನು ಪಠ್ಯವಾಗಿಸುವ ಜಾವಾದ ಸಿಂಪಲ್‌ಡೇಟ್‌ಫಾರ್ಮ್ಯಾಟನ್ನು ಸ್ಟ್ಯಾಟಿಕ್ ಆಗಿ, ಅಂದರೆ ಎಲ್ಲ ಥ್ರೆಡ್‌ಗಳಿಗೂ ಒಂದನ್ನೇ, ಇಟ್ಟುಕೊಂಡು ಬೀಗದ ಹೊರಗೆ ಬಳಸುತ್ತಿದ್ದರೆ ನಿಮ್ಮ ಲಾಗಿನ ಸಮಯಗಳೇ ಸುಳ್ಳಾಗಿರಬಹುದು. ಅದು ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸಲು ಯೋಗ್ಯವಾದದ್ದಲ್ಲ. ಒಬ್ಬರ ಸಮಯ ಇನ್ನೊಬ್ಬರ ಸಾಲಿಗೆ ಅಂಟಿಕೊಳ್ಳುವುದನ್ನು ನಾನೇ ಕಂಡಿದ್ದೇನೆ.


ಉತ್ತರ: ರಾತ್ರಿಪಾಳಿ

ಕಡತಪಾಲ ಅವರು ಬರೆಯುವ ಕಡೆಯಿಂದ ಹೇಳಿದ್ದಾರೆ. ಲಾಗನ್ನು ಓದುವುದೇ ನನ್ನ ಕೆಲಸವಾದ್ದರಿಂದ ನಾನು ಓದುವ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಲಾಗ್ ಬರೆದವರು ನಿದ್ದೆಯಲ್ಲಿರುವಾಗ, ಆ ಕೋಡನ್ನು ಎಂದೂ ನೋಡದ ಒಬ್ಬರು ಅದನ್ನು ಓದಬೇಕಾಗುತ್ತದೆ. "ಒಳಗೆ ಬಂದೆ" ಎಂಬ ಸಾಲು ಬರೆದವರಿಗೆ ಮಾತ್ರ ಅರ್ಥವಾಗುವಂಥದು.

ನಿಮಗೆ ಅತ್ಯಂತ ಹೆಚ್ಚು ಪ್ರಯೋಜನ ಕೊಡುವ ಬದಲಾವಣೆ ಪ್ರತಿ ಕೋರಿಕೆಗೂ ಒಂದು ಗುರುತನ್ನು ಕೊಡುವುದು. ನಿಮ್ಮ ಮುಂದೆ ಎಂಜಿನ್‌ಎಕ್ಸ್ ಇದೆ, 1.11.0ನೇ ಆವೃತ್ತಿಯಿಂದ ಅದು ಪ್ರತಿ ಕೋರಿಕೆಗೂ ತಾನೇ 32 ಅಕ್ಷರಗಳ ಒಂದು ಯಾದೃಚ್ಛಿಕ ಗುರುತನ್ನು ಹುಟ್ಟಿಸಿಕೊಡುತ್ತದೆ. ಅದನ್ನು ಎಂಜಿನ್‌ಎಕ್ಸಿನ ಆಕ್ಸೆಸ್ ಲಾಗಿನಲ್ಲೂ ಬರೆಯಿಸಿ, ಹೆಡರಿನ ಮೂಲಕ ಟಾಮ್‌ಕ್ಯಾಟಿಗೂ ಕಳಿಸಿ. ಅಲ್ಲಿ ಪ್ರತಿ ಕೋರಿಕೆಯೂ ಹಾದುಹೋಗುವ ಒಂದು ಸರ್ವ್ಲೆಟ್ ಫಿಲ್ಟರ್ ಬರೆದು ಆ ಗುರುತನ್ನು ಎಸ್‌ಎಲ್‌ಎಫ್‌4ಜೆಯ ಎಂಡಿಸಿಯಲ್ಲಿ (ಪ್ರತಿ ಥ್ರೆಡ್ಡಿಗೂ ಪ್ರತ್ಯೇಕವಾಗಿರುವ ಜಾಗದಲ್ಲಿ) ಇಟ್ಟು, ಲಾಗ್ ಸಾಲಿನ ನಮೂನೆಯಲ್ಲಿ ಅದನ್ನು ಸೇರಿಸಿ. ಆಗ ಹಳೆಯ 1,400 ಕರೆಗಳಲ್ಲಿ ಒಂದನ್ನೂ ಮುಟ್ಟದೆ ಪ್ರತಿ ಸಾಲಿನಲ್ಲೂ ಗುರುತು ಕಾಣಿಸುತ್ತದೆ. ಎರಡು ಯಂತ್ರಗಳ ಫೈಲುಗಳಿಂದ ಒಂದೇ ಕೋರಿಕೆಯ ಕಥೆಯನ್ನು ಒಂದು ಗ್ರೆಪ್ ಹುಡುಕಾಟದಿಂದ ಎಳೆದು ತೆಗೆಯಬಹುದು. ಒಂದಿಡೀ ದಿನ ನೀವು ಮಾಡಿದ ಕೆಲಸ ಆಗ ಐದು ನಿಮಿಷದ್ದು.

ಇಲ್ಲಿ ಎರಡು ಕಡೆ ಎಡವುವವರು ಬಹಳ. ಫಿಲ್ಟರಿನ ಕೊನೆಯಲ್ಲಿ, ಫೈನಲಿ ಭಾಗದೊಳಗೆ, ಎಂಡಿಸಿಯನ್ನು ಖಾಲಿ ಮಾಡಲೇಬೇಕು. ಟಾಮ್‌ಕ್ಯಾಟ್ ತನ್ನ ಥ್ರೆಡ್‌ಗಳನ್ನು ಮರುಬಳಕೆ ಮಾಡುವುದರಿಂದ, ಖಾಲಿ ಮಾಡದಿದ್ದರೆ ಹಿಂದಿನ ಪ್ರಯಾಣಿಕರ ಗುರುತು ಮುಂದಿನವರ ಸಾಲಿಗೆ ಹತ್ತಿಕೊಳ್ಳುತ್ತದೆ, ಮತ್ತು ಗುರುತೇ ಇಲ್ಲದ ಲಾಗಿಗಿಂತ ತಪ್ಪು ಗುರುತಿನ ಲಾಗ್ ಹೆಚ್ಚು ಕೆಡಿಸುತ್ತದೆ. ಎರಡನೆಯದು, ಎಸ್ಸೆಮ್ಮೆಸ್ ಕಳಿಸುವಂಥ ಕೆಲಸಗಳನ್ನು ನೀವು ಬೇರೊಂದು ಥ್ರೆಡ್ ಪೂಲಿಗೆ ಒಪ್ಪಿಸುತ್ತಿದ್ದರೆ ಎಂಡಿಸಿ ತಾನಾಗಿ ಅಲ್ಲಿಗೆ ಹೋಗುವುದಿಲ್ಲ. ಕೆಲಸ ಒಪ್ಪಿಸುವಾಗ ಅದರ ಪ್ರತಿಯನ್ನು ತೆಗೆದುಕೊಂಡು, ಆ ಕಡೆ ಇಟ್ಟು, ಕೆಲಸ ಮುಗಿದ ಮೇಲೆ ತೆಗೆಯಬೇಕು.

ಮಟ್ಟಗಳ ಬಗ್ಗೆ ದೊಡ್ಡ ಚರ್ಚೆಗಳು ನಡೆಯುತ್ತವೆ. ನಾನು ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಈ ಸಾಲನ್ನು ಕಂಡು ಯಾರಾದರೂ ಏನಾದರೂ ಮಾಡಬೇಕೇ? ಮಾಡಬೇಕಾದರೆ ಅದು ಎರರ್. ಪ್ರಯಾಣಿಕರು ತಪ್ಪು ಓಟಿಪಿ ಹಾಕಿದ್ದು ಎರರ್ ಅಲ್ಲ, ಅದು ದಿನವೂ ನಡೆಯುವಂಥದು. ಪಾವತಿ ಗೇಟ್‌ವೇ ಉತ್ತರಿಸದೆ ಹಣ ಕಡಿತವಾಗಿ ಸೀಟು ಸಿಗದೆ ಹೋದದ್ದು ಎರರ್.

ಎಕ್ಸೆಪ್ಷನ್ (ಕೋಡು ಓಡುವಾಗ ಎದ್ದ ದೋಷ) ಬರೆಯುವಾಗ ಅದರ ಸಂದೇಶವನ್ನಷ್ಟೇ ವಾಕ್ಯಕ್ಕೆ ಅಂಟಿಸಬೇಡಿ. ಎಕ್ಸೆಪ್ಷನ್ನನ್ನೇ ಕೊನೆಯ ಆರ್ಗ್ಯುಮೆಂಟಾಗಿ ಕೊಡಿ, ಸ್ಟ್ಯಾಕ್ ಪೂರ್ತಿ ಬರುತ್ತದೆ. ಹಿಡಿದು, ಬರೆದು, ಮತ್ತೆ ಮೇಲಕ್ಕೆ ಎಸೆಯುವ ಅಭ್ಯಾಸವಿದ್ದರೆ ಒಂದೇ ದೋಷ ನಾಲ್ಕು ಪದರಗಳಲ್ಲಿ ನಾಲ್ಕು ಸಲ ಅಚ್ಚಾಗಿ ನಾಲ್ಕು ದೋಷಗಳಂತೆ ಕಾಣುತ್ತದೆ. ಇನ್ನು, ಕೆಲವೊಮ್ಮೆ ನಲ್‌ಪಾಯಿಂಟರ್ ಎಕ್ಸೆಪ್ಷನ್ ಎಂಬ ಹೆಸರು ಮಾತ್ರ ಬಂದು ಸ್ಟ್ಯಾಕ್ ಇಲ್ಲದಿರುವುದನ್ನು ನೋಡಿ ಲಾಗರನ್ನು ಶಂಕಿಸುವವರಿದ್ದಾರೆ. ಅದು ಜಾವಾ ಕೋಡನ್ನು ಓಡಿಸುವ ಜೆವಿಎಂ ಮಾಡುವ ಕೆಲಸ. ಒಂದೇ ಜಾಗದಿಂದ ಅದೇ ಎಕ್ಸೆಪ್ಷನ್ ಪದೇ ಪದೇ ಬಂದರೆ ಅದು ಸ್ಟ್ಯಾಕ್ ತುಂಬುವುದನ್ನು ಬಿಟ್ಟುಬಿಡುತ್ತದೆ. ಹಳೆಯ ಲಾಗಿನಲ್ಲಿ ಹಿಂದಕ್ಕೆ ಹೋದರೆ ಮೊದಲ ಕೆಲವು ಸಲ ಪೂರ್ತಿ ಸ್ಟ್ಯಾಕ್ ಸಿಗುತ್ತದೆ. ಆಮಿಟ್‌ಸ್ಟ್ಯಾಕ್‌ಟ್ರೇಸ್‌ಇನ್‌ಫಾಸ್ಟ್‌ಥ್ರೋ ಎಂಬ ಆಯ್ಕೆಯನ್ನು ನಿಷ್ಕ್ರಿಯಗೊಳಿಸಿದರೆ ಸ್ಟ್ಯಾಕ್ ಎಂದೂ ಬಿಟ್ಟುಹೋಗುವುದಿಲ್ಲ.


ಘಟ್ಟದಂಚು

ಇಬ್ಬರಿಗೂ ಮನಃಪೂರ್ವಕ ವಂದನೆಗಳು. ಕಡತಪಾಲ ಅವರು ಊಹಿಸಿದ್ದು ಹಾಗೆಯೇ ಇತ್ತು: ಸಿಂಪಲ್‌ಡೇಟ್‌ಫಾರ್ಮ್ಯಾಟ್ ಸ್ಟ್ಯಾಟಿಕ್ ಆಗಿದೆ, ಮತ್ತು ಸಮಯ ಸೇರುವುದು ಬೀಗದ ಹೊರಗೆ. ಹಿಂದಿನ ಸಾಲಿಗಿಂತ ಮುಂಚಿನ ಸಮಯ ಹೊತ್ತ ಸಾಲುಗಳನ್ನು ನಾನು ಮೊದಲೇ ಕಂಡಿದ್ದೆ, ಆದರೆ ಥ್ರೆಡ್‌ಗಳು ಸರದಿ ತಪ್ಪಿ ಬರೆದಿರಬೇಕೆಂದುಕೊಂಡಿದ್ದೆ. ಅಂದರೆ ಆ ದಿನ ನಾನು ನಂಬಿ ಕುಳಿತಿದ್ದ ಸಮಯಗಳೇ ನಂಬಲು ಯೋಗ್ಯವಾಗಿರಲಿಲ್ಲ.

ಇನ್ನೂ ಎರಡು ಸಂಗತಿ ಕೇಳಬೇಕಿದೆ. ನಮ್ಮ ಪ್ರಯಾಣಿಕರು ಹೆಸರನ್ನೂ ಹತ್ತುವ ಸ್ಥಳವನ್ನೂ ಹಲವು ಬಾರಿ ಕನ್ನಡದಲ್ಲೇ ತುಂಬುತ್ತಾರೆ. ಡೇಟಾಬೇಸಿನಲ್ಲಿ ಅವು ಸರಿಯಾಗಿವೆ. ಲಾಗಿನಲ್ಲಿ ಮಾತ್ರ ಸಾಲು ಸಾಲಾಗಿ ಪ್ರಶ್ನಾರ್ಥಕ ಚಿಹ್ನೆಗಳು. ವಿಚಿತ್ರವೆಂದರೆ ನನ್ನ ಸ್ವಂತ ಕಂಪ್ಯೂಟರಿನಲ್ಲಿ ಓಡಿಸಿದಾಗ ಕನ್ನಡ ಚೆನ್ನಾಗಿ ಮೂಡುತ್ತದೆ. ಇನ್ನೊಂದು, ಕೋರಿಕೆ ಬಂದ ಕೂಡಲೇ ಅದರ ಆಬ್ಜೆಕ್ಟನ್ನು ಇಡಿಯಾಗಿ ಲಾಗಿಗೆ ಬರೆಯುವ ಒಂದು ಕರೆ ನಮ್ಮಲ್ಲಿದೆ. ಅದರಲ್ಲಿ ಮೊಬೈಲ್ ಸಂಖ್ಯೆಯೂ ಓಟಿಪಿಯೂ ಇರುತ್ತವೆ ಎಂಬುದು ಈಗ ನೋಡಿದಾಗ ಗಮನಕ್ಕೆ ಬಂತು.


ಉತ್ತರ: ಕೀಲಿಕೈ

ಎರಡನೆಯದನ್ನು ಇವತ್ತೇ ತೆಗೆಯಿರಿ. ಉಳಿದ ಸುಧಾರಣೆಗಳಿಗಾಗಿ ಕಾಯಬೇಡಿ.

ಇದು ಅನುಭವಿಗಳಿಗೂ ಆಗುವ ತಪ್ಪು. 2018ರ ಮೇ ತಿಂಗಳಿನಲ್ಲಿ ಟ್ವಿಟರ್, ಹ್ಯಾಶ್ ಮಾಡುವುದಕ್ಕೂ (ಮೂಲಕ್ಕೆ ಮರಳಿಸಲಾಗದಂತೆ ಬದಲಿಸುವುದಕ್ಕೂ) ಮೊದಲೇ ಪಾಸ್‌ವರ್ಡುಗಳು ತನ್ನ ಒಳಗಿನ ಲಾಗಿನಲ್ಲಿ ದಾಖಲಾಗಿದ್ದವೆಂದು ತಾನೇ ಪ್ರಕಟಿಸಿ, ಸುಮಾರು 33 ಕೋಟಿ ಬಳಕೆದಾರರಿಗೆ ಪಾಸ್‌ವರ್ಡ್ ಬದಲಿಸಿಕೊಳ್ಳುವಂತೆ ಸಲಹೆ ನೀಡಬೇಕಾಯಿತು. ಡೇಟಾಬೇಸಿಗೆ ಕಾವಲು ಬಿಗಿಯಾಗಿರುತ್ತದೆ. ಲಾಗ್ ಫೈಲು ಬ್ಯಾಕಪ್ಪಿಗೆ ಹೋಗುತ್ತದೆ, ಇಮೇಲಿನಲ್ಲಿ ಹೋಗುತ್ತದೆ, ಇಂಥ ಚರ್ಚೆಗಳಿಗೂ ಯಾರೋ ತುಣುಕು ತಂದು ಅಂಟಿಸುತ್ತಾರೆ.

ಬರೆದ ಮೇಲೆ ಸಂಖ್ಯೆಗಳನ್ನು ಹುಡುಕಿ ಮರೆಮಾಡುವ ಜರಡಿಗಳನ್ನು ನಂಬಬೇಡಿ. ಹತ್ತು ಅಂಕಿಗಳೆಲ್ಲವೂ ಮೊಬೈಲ್ ಸಂಖ್ಯೆಯಲ್ಲ, ಎಲ್ಲ ಮೊಬೈಲ್ ಸಂಖ್ಯೆಗಳೂ ಹತ್ತೇ ಅಂಕಿಗಳಾಗಿ ಬರುವುದಿಲ್ಲ. ಇಡೀ ಆಬ್ಜೆಕ್ಟನ್ನು ಬರೆಯುವುದನ್ನು ನಿಲ್ಲಿಸಿ, ಬೇಕಾದ ಅಂಶಗಳನ್ನು ಹೆಸರಿಸಿಯೇ ಬರೆಯಿರಿ: ಪ್ರಯಾಣದ ಗುರುತು, ಸೀಟಿನ ಸಂಖ್ಯೆ, ಬುಕಿಂಗಿನ ಗುರುತು. ಓಟಿಪಿ, ಟೋಕನ್ ಮುಂತಾದವುಗಳನ್ನು ಸಾದಾ ಸ್ಟ್ರಿಂಗಾಗಿ ಇಡದೆ ಒಂದು ಸಣ್ಣ ಕ್ಲಾಸಿನೊಳಗೆ ಸುತ್ತಿ, ಅದರ ಟೂಸ್ಟ್ರಿಂಗ್ ಮೆಥಡ್ ನಕ್ಷತ್ರ ಚಿಹ್ನೆಗಳನ್ನು ಮಾತ್ರ ಕೊಡುವಂತೆ ಮಾಡಿದರೆ, ನಾಳೆ ಯಾರಾದರೂ ಮರೆತು ಲಾಗಿಗೆ ಹಾಕಿದರೂ ಗುಟ್ಟು ಹೊರಬೀಳುವುದಿಲ್ಲ. ಪ್ರಯಾಣಿಕರ ಹೆಸರೂ ಲಾಗಿಗೆ ಬೇಕಿಲ್ಲ. ಬುಕಿಂಗಿನ ಗುರುತಿದ್ದರೆ ಹೆಸರು ಡೇಟಾಬೇಸಿನಲ್ಲಿ ಸಿಗುತ್ತದೆ, ಮತ್ತು ಅಲ್ಲಿ ಯಾರು ನೋಡಬಹುದು ಎಂಬುದಕ್ಕೆ ಕಟ್ಟುಪಾಡು ಇದೆ.

ಹೊರಗಿನವರು ಕಳಿಸಿದ ಪಠ್ಯದಲ್ಲಿ ಹೊಸ ಸಾಲಿನ ಅಕ್ಷರವಿದ್ದರೆ ಅದು ನಿಮ್ಮ ಲಾಗಿನಲ್ಲಿ ಒಂದು ಸುಳ್ಳು ಸಾಲನ್ನೇ ಸೃಷ್ಟಿಸಬಲ್ಲದು. ಪ್ರತಿ ಸಾಲನ್ನೂ ಹೆಸರು-ಮೌಲ್ಯಗಳ ಜೋಡಿಗಳಾಗಿ ಬರೆಯುವ ಜೇಸನ್ ರೂಪದಲ್ಲಿ ಬರೆದರೆ ಆ ಅಕ್ಷರ ತಾನಾಗಿ ಕಟ್ಟಿಹಾಕಲ್ಪಡುತ್ತದೆ, ಸ್ಟ್ಯಾಕ್ ಕೂಡ ಹಲವು ಸಾಲುಗಳಿಗೆ ಹರಡದೆ ಒಂದೇ ಸಾಲಿನಲ್ಲಿ ನಿಲ್ಲುತ್ತದೆ.

ಎಷ್ಟು ದಿನ ಇಟ್ಟುಕೊಳ್ಳಬೇಕು ಎಂಬುದು ನಿಮ್ಮ ಇಚ್ಛೆಗೆ ಮಾತ್ರ ಬಿಟ್ಟದ್ದಲ್ಲ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಲಾಗುಗಳನ್ನು 180 ದಿನಗಳ ಕಾಲ ಭಾರತದ ವ್ಯಾಪ್ತಿಯೊಳಗೆ ಭದ್ರವಾಗಿ ಇಡಬೇಕು; ಯಂತ್ರಗಳ ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ಎನ್‌ಪಿಎಲ್‌ನ (ರಾಷ್ಟ್ರೀಯ ಭೌತ ಪ್ರಯೋಗಾಲಯ) ಸಮಯ ತಿಳಿಸುವ ಎನ್‌ಟಿಪಿ ಸರ್ವರುಗಳಿಗೆ, ಇಲ್ಲವೇ ಅವುಗಳಿಗೆ ಹೊಂದಿಕೊಂಡಿರುವ ಸರ್ವರುಗಳಿಗೆ ಹೊಂದಿಸಬೇಕು. ಎರಡು ಯಂತ್ರಗಳ ಸಮಯವನ್ನು ಹೋಲಿಸಬೇಕಾದ ನಿಮಗೆ ಈ ಎರಡನೆಯ ಮಾತು ಕಾನೂನಿಲ್ಲದಿದ್ದರೂ ಬೇಕಾದದ್ದೇ. ಸಮಯವನ್ನು 24 ಗಂಟೆಯ ರೂಪದಲ್ಲಿ, ಮಿಲಿಸೆಕೆಂಡಿನೊಂದಿಗೆ, ಜಾಗತಿಕ ಸಮಯದಿಂದ (ಯುಟಿಸಿ) ಇರುವ ಐದೂವರೆ ಗಂಟೆಯ ವ್ಯತ್ಯಾಸವನ್ನು ಸ್ಪಷ್ಟವಾಗಿ ನಮೂದಿಸಿ ಬರೆಯಿರಿ.


ಉತ್ತರ: ಕಡತಪಾಲ

ಪ್ರಶ್ನಾರ್ಥಕ ಚಿಹ್ನೆಗಳ ಬಗ್ಗೆ: ನಿಮ್ಮ ಸರ್ವರ್, ಲಿನಕ್ಸಿನಲ್ಲಿ ಸೇವೆಗಳನ್ನು ಶುರುಮಾಡುವ ಸಿಸ್ಟಮ್‌ಡಿ ಮೂಲಕ ಶುರುವಾಗುತ್ತಿದ್ದು, ಅದಕ್ಕೆ ಭಾಷೆಯ ಪರಿಸರ ಹೊಂದಿಸಿಲ್ಲ ಎಂದು ತೋರುತ್ತದೆ. ಜಾವಾ 17ರವರೆಗೆ ಅಕ್ಷರ ಸಂಕೇತವನ್ನು ಹೇಳದೆ ಫೈಲಿಗೆ ಬರೆದರೆ ಜಾವಾ ಆಪರೇಟಿಂಗ್ ಸಿಸ್ಟಮ್ಮಿನ ಪರಿಸರವನ್ನು ನೋಡಿ ತೀರ್ಮಾನಿಸುತ್ತಿತ್ತು. ಪರಿಸರ ಖಾಲಿಯಿದ್ದರೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಜಾಗವಿರುವ ಆಸ್ಕಿ ಎಂದು ತಿಳಿದು, ಅದರಲ್ಲಿಲ್ಲದ ಪ್ರತಿ ಅಕ್ಷರದ ಬದಲು ಪ್ರಶ್ನಾರ್ಥಕ ಚಿಹ್ನೆಯನ್ನು ಇಡುತ್ತದೆ. ನಿಮ್ಮ ಕಂಪ್ಯೂಟರಿನಲ್ಲಿ ಪರಿಸರ ಎಲ್ಲ ಲಿಪಿಗಳಿಗೂ ಜಾಗವಿರುವ ಯುಟಿಎಫ್-8 ಆಗಿರುವುದರಿಂದ ಅಲ್ಲಿ ಸರಿಯಾಗಿ ಕಾಣುತ್ತದೆ. 2022ರಲ್ಲಿ ಬಂದ ಜಾವಾ 18ರಿಂದ ಯುಟಿಎಫ್-8 ಎಂಬುದೇ ಪೂರ್ವನಿಗದಿಯಾಗಿದೆ, ಆದರೆ ಕನ್ಸೋಲಿಗೆ ಹೋಗುವ ಬರಹ ಇಂದಿಗೂ ಪರಿಸರವನ್ನೇ ಅನುಸರಿಸುತ್ತದೆ. ಲಾಗ್‌ಬ್ಯಾಕಿನ ಎನ್‌ಕೋಡರಿನಲ್ಲಿ ಯುಟಿಎಫ್-8 ಎಂದು ಕೈಯಾರೆ ಬರೆದುಬಿಡಿ. ಹೋದ ಅಕ್ಷರಗಳು ಮಾತ್ರ ಮರಳಿ ಬರುವುದಿಲ್ಲ.

ಹೆಸರು ಬೇಡವೆಂದು ಕೀಲಿಕೈ ಅವರು ಹೇಳಿದ್ದು ಸರಿ. ಆದರೂ ಹತ್ತುವ ಸ್ಥಳದಂಥ ಕನ್ನಡ ಪಠ್ಯ ಲಾಗಿಗೆ ಬಂದೇ ಬರುತ್ತದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟು ಬೇಕು. "ಲಕ್ಷ್ಮೀ" ಎಂಬ ಎರಡಕ್ಷರದ ಹೆಸರಿನಲ್ಲಿ 7 ಸಂಕೇತಗಳಿದ್ದು ಅದು 21 ಬೈಟು ಆಗುತ್ತದೆ. ಉದ್ದದ ಪಠ್ಯವನ್ನು ಬೈಟುಗಳ ಲೆಕ್ಕದಲ್ಲಿ ಕತ್ತರಿಸುವ ಕೋಡು ನಿಮ್ಮಲ್ಲಿದ್ದರೆ ಅದು ಅಕ್ಷರದ ನಡುವೆ ಕತ್ತರಿ ಹಾಕಿ ಆ ಸಾಲನ್ನೇ ಓದಲಾಗದಂತೆ ಮಾಡೀತು. ಹುಡುಕುವಾಗಲೂ ತೊಡಕಿದೆ. "ಸ್ಯಾಟಲೈಟ್" ಎಂಬ ಪದದ ಕೊನೆಯಲ್ಲಿ ಒಬ್ಬರ ಕೀಲಿಮಣೆ ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಕೇತವನ್ನು ಸೇರಿಸಿರುತ್ತದೆ, ಇನ್ನೊಬ್ಬರದು ಸೇರಿಸಿರುವುದಿಲ್ಲ. ಪರದೆಯ ಮೇಲೆ ಎರಡೂ ಒಂದೇ, ಗ್ರೆಪ್‌ಗೆ ಮಾತ್ರ ಬೇರೆ. ಆದ್ದರಿಂದ ಸ್ಥಳದ ಹೆಸರಿನ ಜೊತೆಗೆ ಅದರ ಸಂಕೇತ ಸಂಖ್ಯೆಯನ್ನೂ ಬರೆದು, ಹುಡುಕುವುದನ್ನು ಸಂಖ್ಯೆಯಿಂದಲೇ ಮಾಡಿ.

ಮರೆಯುವ ಮೊದಲು: ಈಗ ನಿಮ್ಮ ಲಾಗರ್ ಪ್ರತಿ ಸಾಲಿಗೂ ಫೈಲು ತೆರೆಯುವುದರಿಂದ ಹಳೆಯ ಲಾಗನ್ನು ಪಕ್ಕಕ್ಕಿಡುವ ಲಾಗ್‌ರೊಟೇಟ್ ಪ್ರೋಗ್ರಾಂ ಫೈಲಿನ ಹೆಸರು ಬದಲಿಸಿದರೂ ಮುಂದಿನ ಸಾಲು ಹೊಸ ಫೈಲಿಗೇ ಹೋಗುತ್ತದೆ. ಲಾಗ್‌ಬ್ಯಾಕ್ ಬಂದ ಮೇಲೆ ಫೈಲು ತೆರೆದೇ ಇರುತ್ತದೆ. ಆಗ ಹೆಸರು ಬದಲಿಸಿದರೆ ಅದು ಹಳೆಯ ಫೈಲಿಗೇ ಬರೆಯುತ್ತಾ ಹೋಗುತ್ತದೆ. ಆ ಫೈಲನ್ನು ಅಳಿಸಿದರೂ ಪ್ರೋಗ್ರಾಂ ಹಿಡಿದುಕೊಂಡಿರುವವರೆಗೆ ಡಿಸ್ಕಿನ ಜಾಗ ಬಿಡುವಾಗುವುದಿಲ್ಲ. ಸುತ್ತುಗಟ್ಟುವ ಕೆಲಸವನ್ನು ಲಾಗ್‌ಬ್ಯಾಕಿಗೆ ಕೊಟ್ಟು, ಅದೇ ದಿನ ಲಾಗ್‌ರೊಟೇಟಿನ ಪಟ್ಟಿಯಿಂದ ಈ ಫೈಲನ್ನು ತೆಗೆದುಹಾಕಿ.


ಘಟ್ಟದಂಚು

ಮೂರು ವಾರಗಳ ಬಳಿಕ ಬರೆಯುತ್ತಿದ್ದೇನೆ. ಇಡೀ ಆಬ್ಜೆಕ್ಟನ್ನು ಬರೆಯುತ್ತಿದ್ದ ಕರೆಯನ್ನು ಅಂದೇ ತೆಗೆದೆವು, ಮತ್ತು ಓಟಿಪಿ ಇದ್ದ ಹಳೆಯ ಫೈಲುಗಳಿಂದ ಆ ಸಾಲುಗಳನ್ನಷ್ಟೇ ಅಳಿಸಿ ಉಳಿದದ್ದನ್ನು ಇಟ್ಟುಕೊಂಡೆವು. ಹಳೆಯ ಕ್ಲಾಸಿನ ಒಳಗೆ ಈಗ ಎಸ್‌ಎಲ್‌ಎಫ್‌4ಜೆ ಕುಳಿತಿದೆ. ಹಿರಿಯರು ಲಾಗ್‌ಬ್ಯಾಕಿನ ಮೂಲ ಕೋಡನ್ನು ಎರಡು ದಿನ ಓದಿ, ಸಂದೇಶವನ್ನು ಅದು ಬಿಡಿಸಹೋಗುವುದಿಲ್ಲವೆಂದು ತಮಗೆ ತಾವೇ ಖಚಿತಪಡಿಸಿಕೊಂಡ ಮೇಲೆ ಒಪ್ಪಿದರು. ಆ ಎಚ್ಚರಿಕೆಗೆ ನಾನು ಕೃತಜ್ಞ. ಅಸಿಂಕ್ ಅಪೆಂಡರ್ ಹಾಕುವ ಮೊದಲು, ಫೈಲನ್ನು ತೆರೆದಿಟ್ಟುಕೊಂಡದ್ದರಿಂದಲೇ ಎಷ್ಟು ಲಾಭವಾಗುತ್ತದೆ ಎಂದು ಅಳೆದು ನೋಡಿದೆವು. ಹಬ್ಬದ ಸಂಜೆಯಷ್ಟೇ ಕೋರಿಕೆಗಳನ್ನು ಪರೀಕ್ಷಾ ಯಂತ್ರದ ಮೇಲೆ ಸುರಿದಾಗ ಲಾಗರಿಗಾಗಿ ಕಾದು ನಿಂತ ಥ್ರೆಡ್‌ಗಳು ಜೆಸ್ಟ್ಯಾಕಿನಲ್ಲಿ ಒಂದೆರಡು ಮಾತ್ರ ಸಿಕ್ಕವು. ಆದ್ದರಿಂದ ಅಸಿಂಕ್ ಅನ್ನು ಸದ್ಯಕ್ಕೆ ಹಾಕಿಲ್ಲ. ಬೇಕಾದಾಗ ಸಂರಚನೆಯ ಕೆಲವು ಸಾಲುಗಳ ಕೆಲಸ ಅದು.

ಸೀಟಿನ ದಾಖಲೆಯ ಟೇಬಲ್ಲೂ ಯೂನಿಕ್ ಇಂಡೆಕ್ಸೂ ಬಂದಿವೆ. ಇಂಡೆಕ್ಸ್ ಹಾಕಹೋದಾಗ ಡೇಟಾಬೇಸ್ ಒಪ್ಪಲಿಲ್ಲ. ನಮಗೆ ಗೊತ್ತೇ ಇರದ ಇನ್ನೂ ನಾಲ್ಕು ಜೋಡಿ ಟಿಕೆಟುಗಳು ಒಂದೇ ಸೀಟಿಗೆ ಇದ್ದವು. ಅವುಗಳಲ್ಲಿ ಒಂದು ಜೋಡಿಯ ಪ್ರಯಾಣ ಇನ್ನೂ ಮುಂದಿತ್ತು. ಆ ಇಬ್ಬರಿಗೂ ಫೋನ್ ಮಾಡಿ, ಒಬ್ಬರಿಗೆ ಅದೇ ರಾತ್ರಿಯ ಇನ್ನೊಂದು ಬಸ್ಸಿನಲ್ಲಿ ಸೀಟು ಕೊಡಿಸಿದೆವು.